ಸೀಮೆಸುಣ್ಣದ ಗೆರೆಯಾಚೆ

ಡಸ್ಟನ್ ಕ್ರಾಸಿಂಗ್, ಟೆಕ್ಸಾಸ್
ಮೇ 12, 1985

ಪ್ರೀತಿಯ ರೋವೆನಾ,

ಫೋನ್ ಮಾಡಿ ಮುಗಿಸಬಾರದೇ ಎಂದು ನಿನ್ನ ಓಪಲ್ ಅತ್ತೆ ಕೇಳುತ್ತಾಳೆ. ಫೋನಿನಲ್ಲಿ ನಾನು ಮಾತು ಶುರು ಮಾಡಿದರೆ ನೀನು 'ಹೂಂ' ಬಿಟ್ಟು ಬೇರೇನೂ ಹೇಳುವವಳಲ್ಲ. ಕಾಗದಕ್ಕಾದರೆ ಉತ್ತರ ಬರೆಯಲೇಬೇಕು. ಅದಕ್ಕೇ ಕಾಗದ.

ವಿಷಯಕ್ಕೆ ಬರುತ್ತೇನೆ. ನಮ್ಮ ಚರ್ಚಿನ ಸಭೆಯವರು ಸೃಷ್ಟಿಯ ಬಗ್ಗೆ ಬರೆಸಿದ ಚಿಕ್ಕ ಪುಸ್ತಕವನ್ನು ಆರನೇ ತರಗತಿಯ ಮಕ್ಕಳಿಗೆ ಪಾಠದ ಜೊತೆ ಕೊಡಬೇಕೋ ಬೇಡವೋ ಎಂದು ಇಲ್ಲಿನ ಶಾಲಾ ಮಂಡಳಿ ವಿಚಾರಣೆ ಇಟ್ಟಿದೆ. ಸೆಪ್ಟೆಂಬರ್ ಹದಿನೇಳು, ಮಂಗಳವಾರ. ಪುಸ್ತಕದ ಹನ್ನೊಂದನೇ ಪುಟದಲ್ಲಿ ಹೊಳೆಯ ಕಲ್ಲಿನ ಮೇಲಿರುವ ನಮ್ಮ ಏಳನೇ ಹೆಜ್ಜೆಗುರುತಿನ ಚಿತ್ರವಿದೆ, ನಾನೇ ತೆಗೆದದ್ದು. ಸಾಕ್ಷಿಯೂ ನಾನೇ. ಬೈಬಲಿನ ಮೇಲೆ ಕೈಯಿಟ್ಟು ಹೇಳಬೇಕು.

ನನ್ನ ಚರಿತ್ರೆ ನಿನಗೆ ಗೊತ್ತು. ಹತ್ತೊಂಬತ್ತು ವರ್ಷ ಮನೆಮನೆಗೆ ಹೋಗಿ ಕಸ ಹೀರುವ ಯಂತ್ರ ಮಾರಿದವನು. ಜಮಖಾನೆಯೇ ಇಲ್ಲದ ಮನೆಗಳಿಗೂ ಮಾರಿದ್ದೇನೆ. 1958ರಲ್ಲಿ ಕರ್ತನು ನನ್ನ ಕೊರಳಪಟ್ಟಿ ಹಿಡಿದ ಮೇಲೂ ಮಾರಿದೆ, ಆದರೆ ಜಮಖಾನೆ ಇದ್ದವರಿಗೆ ಮಾತ್ರ. ಅವತ್ತು ಆತನ ಜೊತೆ ಒಂದು ಕರಾರು ಮಾಡಿಕೊಂಡೆ. ಬಾಯಿ ಎಷ್ಟು ಬೇಕಾದರೂ ಓಡಲಿ, ಪ್ರಮಾಣ ಮಾಡಿ ಹೇಳುವುದಿದ್ದರೆ ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ ಎಂದು. ಇಪ್ಪತ್ತೇಳು ವರ್ಷದಲ್ಲಿ ಯಾರೂ ನನ್ನಿಂದ ಪ್ರಮಾಣ ಕೇಳಿರಲಿಲ್ಲ, ಹಾಗಾಗಿ ಕರಾರು ಸುಲಭವಾಗಿಯೇ ನಡೆಯಿತು. ಈಗ ಕೇಳಿದ್ದಾರೆ.

ಹೀಗೆ ಹೇಳೋಣ ಎಂದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದು: "ಟ್ಯಾರಿ ಹೊಳೆಯ ಸುಣ್ಣಕಲ್ಲಿನ ಹಾಸಿನಲ್ಲಿ ಮೂರು ಬೆರಳಿನ ಡೈನೊಸಾರ್ ಹೆಜ್ಜೆಗಳು ಇಪ್ಪತ್ತಾರು. ಅವುಗಳ ನಡುವೆ ಮನುಷ್ಯನ ಪಾದದಂಥ ಉದ್ದನೆಯ ಹೆಜ್ಜೆಗಳು ಒಂಬತ್ತು. ಏಳನೆಯದು ಎಲ್ಲಕ್ಕಿಂತ ಸ್ಪಷ್ಟ, ಹದಿನಾರು ಇಂಚು. ಬೈಬಲಿನ ಆದಿಕಾಂಡದಲ್ಲಿ ದೈತ್ಯರಿದ್ದರು ಎಂದಿದೆಯಲ್ಲ, ಆ ಕಾಲದ್ದು. ಪ್ರಳಯದ ನೀರು ಏರುತ್ತಿದ್ದಾಗ ಎರಡೂ ಒಂದೇ ಕೆಸರಿನಲ್ಲಿ ಓಡಿವೆ."

ಎದುರು ಪಕ್ಷದವರು ಏನೇನು ಕೇಳಬಹುದು? ನೀನು ವಿಶ್ವವಿದ್ಯಾಲಯದಲ್ಲಿ ಆ ಕಡೆಯವರ ನಡುವೆ ದಿನವಿಡೀ ಕೂತು ಮೂಳೆ ಉಜ್ಜುತ್ತೀಯ, ನಿನಗೆ ಗೊತ್ತಿರುತ್ತದೆ. ನನಗೆ ಹೊಳೆದವು ನಾಲ್ಕು. ಒಂದು, ಅಷ್ಟು ದೊಡ್ಡ ಪ್ರಾಣಿ ನೋಹನ ನಾವೆಯಲ್ಲಿ ಹಿಡಿದದ್ದು ಹೇಗೆ? (ಮರಿಗಳನ್ನು ಹತ್ತಿಸಿಕೊಂಡ ಎನ್ನುತ್ತೇನೆ. ಬುದ್ಧಿ ಇರುವ ಯಾವ ರೈತ ಮುದಿ ಎತ್ತನ್ನು ಲಾರಿಗೆ ಹತ್ತಿಸುತ್ತಾನೆ?) ಎರಡು, ಬೈಬಲಿನಲ್ಲಿ ಯೋಬನ ಪುಸ್ತಕದ ಬೆಹೆಮೋತ್ ಎಂಬ ಪ್ರಾಣಿ ಡೈನೊಸಾರ್ ಹೌದೋ ಅಲ್ಲವೋ? ನೀರಾನೆ ಎನ್ನುತ್ತಾರೆ ಕೆಲವರು, ಆದರೆ ದೇವದಾರು ಮರದಂಥ ಬಾಲ ನೀರಾನೆಗೆ ಎಲ್ಲಿದೆ? ಮೂರು, ನಿಮ್ಮ ಗುಹೆಯ ಮನುಷ್ಯ, ಆ ನಿಯಾಂಡರ್ತಾಲ್. ಅವನು ಪ್ರಳಯದ ನಂತರ ಮುನ್ನೂರು ನಾನ್ನೂರು ವರ್ಷ ಬದುಕಿದ ನಮ್ಮಂಥವನೇ, ವಯಸ್ಸಾದಂತೆ ಹುಬ್ಬಿನ ಮೂಳೆ ಬೆಳೆಯುತ್ತಾ ಹೋಯಿತು ಎಂದು ನಮ್ಮ ಪುಸ್ತಕ ಹೇಳುತ್ತದೆ. ಮೂಳೆ ಹಾಗೆ ಬೆಳೆಯುವುದುಂಟೇ? ನಾಲ್ಕು, ಏಳನೇ ಹೆಜ್ಜೆಯ ಬಗ್ಗೆ ಏನಾದರೂ.

ಬೇಗ ಬರೆ.

ನಿನ್ನ ಮಾವ,
ಹಾರ್ಲನ್ ಟ್ರೂಯಿಟ್


ಲಾರಮಿ, ವಯೋಮಿಂಗ್
ಮೇ 27, 1985

ಪ್ರೀತಿಯ ಮಾವನಿಗೆ,

ಇಲ್ಲಿ ಇನ್ನೂ ಚಳಿ ಬಿಟ್ಟಿಲ್ಲ. ನಾನು ಆರೋಗ್ಯವಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಅತ್ತೆಗೆ ತಿಳಿಸಿ.

ನಾವೆಯ ಪ್ರಶ್ನೆಗೆ ಮರಿಗಳ ಉತ್ತರ ನೀವಂದುಕೊಂಡಷ್ಟು ದುರ್ಬಲವಲ್ಲ. ಡೈನೊಸಾರ್ ಮೊಟ್ಟೆಗಳಲ್ಲಿ ಅತಿ ದೊಡ್ಡವೂ ಕಾಲ್ಚೆಂಡಿನಷ್ಟೇ ಇರುತ್ತವೆ. ಆದರೆ ವಕೀಲರು ಅಲ್ಲಿಗೆ ನಿಲ್ಲುವುದಿಲ್ಲ. ನಾವೆಯಲ್ಲಿದ್ದ ಒಂದು ವರ್ಷದಲ್ಲಿ ಆ ಮರಿ ಎಷ್ಟು ಬೆಳೆಯಿತು, ಏನು ತಿಂದಿತು, ಸಗಣಿ ಯಾರು ಎತ್ತಿದರು ಎನ್ನುತ್ತಾರೆ. ನೋಹನ ಸೊಸೆಯರ ಪರವಾಗಿ ನಾನೂ ಅದನ್ನೇ ಕೇಳುತ್ತಿದ್ದೆ. ಬೆಹೆಮೋತ್ ಯಾವ ಪ್ರಾಣಿ ಎಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ನಾನು ನಂಬುವುದಿಲ್ಲ, ಯಾವ ಕಡೆಯವರಾದರೂ.

ಹುಬ್ಬಿನ ಮೂಳೆಯ ಪ್ರಶ್ನೆ ನನಗೆ ನಿಜವಾಗಿ ಇಷ್ಟವಾಯಿತು, ಅಳೆದು ನೋಡಬಹುದಾದ ಪ್ರಶ್ನೆ ಅದೊಂದೇ. ನಿಯಾಂಡರ್ತಾಲ್ ಮಕ್ಕಳ ತಲೆಬುರುಡೆಗಳೂ ಸಿಕ್ಕಿವೆ. ಹಾಲುಹಲ್ಲು ಬೀಳದ ಮಗುವಿನದೇ ನಮ್ಮ ಮಕ್ಕಳದ್ದಕ್ಕಿಂತ ಬೇರೆ ಥರ ಇದೆ. ಆದರೂ ನನ್ನ ಮಾತು ನಂಬಬೇಡಿ. ಸಭೆಯಲ್ಲಿ ಎಂಬತ್ತು ದಾಟಿದವರು ಎಷ್ಟು ಮಂದಿ ಇದ್ದಾರೆ? ಅಳೆಯಿರಿ. ಹೋಲಿಸಲು ಚಿಕ್ಕ ವಯಸ್ಸಿನವರನ್ನೂ ಅಳೆಯಬೇಕು.

ಏಳನೇ ಹೆಜ್ಜೆಯ ಬಗ್ಗೆ ಹೆಚ್ಚು ಹೇಳಲು ನನಗೆ ತಿಳಿಯದು. ಈ ಸಲ ಆಗಸ್ಟಿನಲ್ಲಿ ಹೆಜ್ಜೆ ತೊಳೆಯುವಾಗ ಸೀಮೆಸುಣ್ಣದ ಗೆರೆಯ ಹೊರಗೂ ಒಂದು ಗೇಣು ತೊಳೆದು ನೋಡಿ.

ನಿಮ್ಮ
ರೋ


ಡಸ್ಟನ್ ಕ್ರಾಸಿಂಗ್
ಜೂನ್ 9, 1985

ಪ್ರೀತಿಯ ರೋ,

ಅಳೆದೆ. ಬಂದೂಕು ರಿಪೇರಿಯವನ ಹತ್ತಿರ ದಪ್ಪ ಅಳೆಯುವ ಕ್ಯಾಲಿಪರ್ ಕೇಳಿ ತಂದು, ಭಾನುವಾರದ ಊಟದ ಹೊತ್ತಿಗೆ ಸಭೆಯ ಹಿಂದಿನ ಹಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಎಂಬತ್ತು ದಾಟಿದವರು ಹದಿನೇಳು ಮಂದಿ, ಇಪ್ಪತ್ತರ ಆಸುಪಾಸಿನವರು ಹದಿನಾಲ್ಕು. ನಮ್ಮ ಸಭೆಯ ಅತಿ ಹಿರಿಯಳು ಬರ್ಡಿ ಕೈಕೆಂಡಾಲ್, ತೊಂಬತ್ಮೂರು. ಅವಳ ಹುಬ್ಬಿಗೆ ಕ್ಯಾಲಿಪರ್ ಇಟ್ಟಾಗ "ಹಾರ್ಲನ್, ಹಲ್ಲು ನೋಡೋದೊಂದು ಯಾಕೆ ಬಿಟ್ಟೆ? ಕುದುರೆ ವ್ಯಾಪಾರ ಪೂರ್ತಿ ಆಗೋಗ್ಲಿ" ಅಂದಳು. ಹಲ್ಲು ಅವಳ ಚೀಲದಲ್ಲಿತ್ತು.

ಫಲಿತಾಂಶ: ಬರ್ಡಿಯ ಹುಬ್ಬು ಅವಳ ಮರಿಮಗಳದ್ದಕ್ಕಿಂತ ತೆಳು. ಮುದುಕರ ಸರಾಸರಿಗೂ ಹುಡುಗರ ಸರಾಸರಿಗೂ ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಇಡೀ ಸಭೆಯಲ್ಲಿ ಅತಿ ದಪ್ಪ ಹುಬ್ಬು ನನ್ನದೇ. ನಿನ್ನ ಅತ್ತೆ ಒಂದು ವಾರದಿಂದ ನನ್ನನ್ನು ಗುಹೆಯ ಮನುಷ್ಯ ಎಂದೇ ಕರೆಯುತ್ತಿದ್ದಾಳೆ. ಕಿವಿ ಮಾತ್ರ ಬೆಳೆದಿದೆ. ಬರ್ಡಿಯ ಕಿವಿ ನೋಡಿದರೆ ನೀನೂ ಒಪ್ಪುತ್ತೀಯ. ತೊಂಬತ್ತಕ್ಕೂ ನಾನ್ನೂರಕ್ಕೂ ಅಂತರವಿದೆ ಎಂದು ನಮ್ಮ ಪಾಸ್ಟರ್ ಲ್ಯಾಂಡ್ರಮ್ ಹೇಳಿದರು, ಅದೂ ಸರಿ. ಆದರೂ ಹುಬ್ಬಿನ ವಿಷಯ ನಾನು ಎತ್ತುವುದಿಲ್ಲ.

ಈಗ ಇನ್ನೊಂದು. ನಿನ್ನ ಕಾಗದವನ್ನು ನಾನು ಎರಡು ಸಲ ಓದಿದೆ, ಒಂದು ಸಲ ಮಾವನಾಗಿ, ಇನ್ನೊಂದು ಸಲ ವ್ಯಾಪಾರಿಯಾಗಿ. ನಾವೆಗೆ ಐದು ಸಾಲು, ಹುಬ್ಬಿಗೆ ಏಳು, ಏಳನೇ ಹೆಜ್ಜೆಗೆ ಎರಡು. ಯಾವುದು ಮುಖ್ಯವೋ ಅದಕ್ಕೇ ಗಿರಾಕಿ ಕಡಿಮೆ ಮಾತಾಡುತ್ತಾನೆ. ಈ ಅಡ್ಡಗೋಡೆಯ ಮೇಲೆ ದೀಪ ಇಡುವ ಬುದ್ಧಿ ನಿನಗೆ ನನ್ನ ಮನೆಯಲ್ಲಿ ಬಂದದ್ದಲ್ಲ. ಗೆರೆಯ ಹೊರಗೆ ತೊಳೆಯಿರಿ ಎಂದು ಬರೆಯಲು ನಿನಗೆ ಯಾರು ಹೇಳಿಕೊಟ್ಟರು? ನಿನ್ನ ಪ್ರೊಫೆಸರನೇ?

ಆ ಗೆರೆಯ ಕಥೆ ಅವನಿಗೆ ಗೊತ್ತಿರಲಾರದು. ಹಾಸುಗಲ್ಲನ್ನು ಮೊದಲು ಕಂಡ ಮುದುಕ ಸೀಮೆಸುಣ್ಣದಲ್ಲಿ ಪಾದದ ಸುತ್ತ ಗೆರೆ ಎಳೆದ. ಅವನ ಕಾಲದಿಂದ ಪ್ರತಿ ಆಗಸ್ಟಿನಲ್ಲೂ ಹೊಳೆ ಇಳಿದಾಗ ಮರಳಿನ ಚೀಲ ಇಟ್ಟು ನೀರು ತಡೆದು, ಗೆರೆ ತಿದ್ದಿ, ಗೆರೆಯ ಒಳಗೆ ತೊಳೆಯುತ್ತೇವೆ. ಸಭೆಯ ಅತಿ ಹಿರಿಯಳು ಮೊದಲ ಚೊಂಬು ಹೊಯ್ಯುತ್ತಾಳೆ. ಹೊರಗೆ ಯಾಕೆ ತೊಳೆಯಬೇಕು? ಅಲ್ಲಿರುವುದು ಬರೀ ಕಲ್ಲು.

ಹಾರ್ಲನ್ ಮಾವ


ಲಾರಮಿ
ಜುಲೈ 2, 1985

ಪ್ರೀತಿಯ ಮಾವ,

ಹದಿನಾಲ್ಕು ಹುಡುಗರನ್ನೂ ಅಳೆದಿರೆಂದು ಓದಿ ಸಂತೋಷವಾಯಿತು. ಇಲ್ಲಿ ಸಂಬಳ ತೆಗೆದುಕೊಂಡು ಕೆಲಸ ಮಾಡುವವರೂ ಹೋಲಿಕೆಗೆ ಅಷ್ಟು ಜನರನ್ನು ಹಿಡಿಯುವುದಿಲ್ಲ.

ನೀವು ಪತ್ರಿಕೆಯಲ್ಲಿ ಓದುವ ಮೊದಲು ನಾನೇ ಹೇಳಬೇಕು. ಶಾಲಾ ಮಂಡಳಿಯ ಎದುರು ಆ ಕಡೆಯ ಸಾಕ್ಷಿಯಾಗಿ ಬರುತ್ತಿರುವುದು ನಮ್ಮ ಪ್ರೊಫೆಸರ್ ಹಾಲ್ವರ್ಸನ್ ಅವರೇ. ಮಾರ್ಚ್ ತಿಂಗಳಿನಿಂದ ನನಗೆ ಗೊತ್ತಿತ್ತು. ನಾನು ನಿಮ್ಮ ಸೋದರಸೊಸೆ ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಾದರೆ ಹೊಳೆಯ ಬಗ್ಗೆ ಕೇಳುತ್ತಾರೆ. ನಾನು ಹೇಳುವುದಿಲ್ಲ.

ಗೆರೆಯ ಹೊರಗೆ ತೊಳೆಯಿರಿ ಎಂದು ಬರೆದದ್ದು ನಾನೇ. ಯಾರೂ ಹೇಳಿಕೊಟ್ಟದ್ದಲ್ಲ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ರೋ


ಡಸ್ಟನ್ ಕ್ರಾಸಿಂಗ್
ಆಗಸ್ಟ್ 11, 1985

ರೋವೆನಾ,

ಐದು ವಾರ ಬರೆಯಲಿಲ್ಲ. ಕೋಪ ಇತ್ತು, ಈಗ ಮುಕ್ಕಾಲು ಇಳಿದಿದೆ.

ನಿನ್ನೆ ತೊಳೆದೆವು. ಜನ ಎಂಬತ್ತೆರಡು, ಬಿಸಿಲು ನೂರಾ ಮೂರು ಡಿಗ್ರಿ ಫ್ಯಾರನ್‌ಹೀಟ್, ಪೀಚ್ ಹಣ್ಣು ಹಾಕಿ ಬೇಯಿಸಿದ ಕಾಬ್ಲರ್ ಸಿಹಿ ಆರು ತಟ್ಟೆ. ಬರ್ಡಿಯನ್ನು ಇಬ್ಬರು ಎತ್ತಿ ತಂದು ಕೂರಿಸಿದರು. ಅವಳು ಚೊಂಬು ಹೊಯ್ದಳು, ನಾನು ಮೊಣಕಾಲೂರಿ ಗೆರೆಯ ಒಳಗೆ ಉಜ್ಜಿದೆ. ಆಮೇಲೆ ಯಾರಿಗೂ ಏನೂ ಹೇಳದೆ ಗೆರೆ ದಾಟಿ ಹೊರಗೂ ಉಜ್ಜಲು ಶುರು ಮಾಡಿದೆ.

"ಹಾರ್ಲನ್, ಎಲ್ಲಿಗೆ ಹೊರಟೆ?" ಎಂದಳು ಬರ್ಡಿ. "ಪಾದ ಇಲ್ಲಿದೆಯಪ್ಪ."

"ಸುತ್ತಮುತ್ತ ಸ್ವಲ್ಪ ಕೊಳೆ ಇದೆ, ತಾಯಿ."

"ಐವತ್ತು ವರ್ಷದಿಂದ ಇದೆ. ಅದೇನು ನಿನ್ನ ಅಡುಗೆಮನೇನಾ?"

ಪಾಸ್ಟರ್ ಲ್ಯಾಂಡ್ರಮ್ ನಗುತ್ತಾ ಬಂದರು. "ಬಿಟ್ಟರೆ ಇವನು ಇಡೀ ಹೊಳೇನೇ ಉಜ್ಜಿ, ಮಾರೋಕೆ ನಿಲ್ತಾನೆ." ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಿಲ್ಲಿಸಲಿಲ್ಲ. ಮುಂದಕ್ಕೆ ಒಂದು ಗೇಣಲ್ಲ, ಎರಡು ಗೇಣು ಉಜ್ಜಿದೆ. ಬಗ್ಗಿ ನೋಡಿದೆ. ಏನೂ ಇರಲಿಲ್ಲ. ಒದ್ದೆ ಕಲ್ಲು, ಒಂದೇ ಬಣ್ಣ, ಒಂದೇ ಸಮ. ಎದ್ದು ಬಂದು ಕಾಬ್ಲರ್ ತಿಂದೆ, ಚೆನ್ನಾಗಿತ್ತು.

ನಿನ್ನ ಪ್ರೊಫೆಸರನಿಗೆ ಹೇಳು, ಹೇಳದಿದ್ದರೂ ಸರಿ. ನೀನು ಹೇಳಿದಂತೆ ಮಾಡಿದ್ದೇನೆ. ಸೆಪ್ಟೆಂಬರ್ ಹದಿನೇಳಕ್ಕೆ ಧೈರ್ಯವಾಗಿ ಕೈಯಿಡುತ್ತೇನೆ.

ಮಾವ


ಲಾರಮಿ
ಆಗಸ್ಟ್ 19, 1985

ಪ್ರೀತಿಯ ಮಾವ,

ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ಉತ್ತರ ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಕಲ್ಲು ಪೂರ್ತಿ ಒದ್ದೆಯಿದ್ದಾಗ ಏನೂ ಕಾಣುವುದಿಲ್ಲ. ಪೂರ್ತಿ ಒಣಗಿದ ಮೇಲೂ ಕಾಣುವುದಿಲ್ಲ. ನಡುವೆ, ನೀರು ಹೀರಿಕೊಳ್ಳುವಾಗ, ಕಾಲು ಗಂಟೆಯಷ್ಟು ಹೊತ್ತು ಕಾಣುತ್ತದೆ. ಆ ಹೊತ್ತಿಗೆ ನೀವೆಲ್ಲರೂ ಮರದ ಕೆಳಗೆ ಊಟಕ್ಕೆ ಕೂತಿರುತ್ತೀರಿ. ಪ್ರತಿ ವರ್ಷವೂ.

1972ರ ಆಗಸ್ಟ್. ನನಗೆ ಹದಿನಾಲ್ಕು. ನಲವತ್ತು ಜನರ ಎದುರು ನೀವು ನನ್ನನ್ನು ಎತ್ತಿ ಏಳನೇ ಹೆಜ್ಜೆಯೊಳಗೆ ನಿಲ್ಲಿಸಿ, ದೈತ್ಯನ ಪಾದದಲ್ಲಿ ಈ ಮಗುವಿನ ಪಾದ ಎಷ್ಟು ಪುಟ್ಟದು ನೋಡಿ ಎಂದು ತೋರಿಸಿದಿರಿ. ಊಟಕ್ಕೆ ಹೋಗುವಾಗ ನನ್ನ ಚಪ್ಪಲಿ ಅಲ್ಲೇ ಉಳಿದಿತ್ತು. ತರಲು ಹೋದೆ. ಅವತ್ತು ಯಾರೋ ಕೈಜಾರಿ ಬಿಂದಿಗೆಯ ನೀರು ಗೆರೆಯ ಹೊರಗೂ ಚೆಲ್ಲಿದ್ದರು. ಕಲ್ಲು ಒಣಗುತ್ತಿತ್ತು. ಪಾದದ ಮುಂದೆ, ಗೆರೆಯಾಚೆ, ಮೂರು ಬೆರಳುಗಳು ತುಕ್ಕಿನ ಬಣ್ಣದಲ್ಲಿ ಹರಡಿಕೊಂಡು ಮೇಲೆದ್ದು ಬಂದವು. ಮೂರೂ ಚೂಪು. ಹಿಮ್ಮಡಿಯೂರಿ ನಡೆದ ಡೈನೊಸಾರಿನ ಬೆರಳುಗಳು. ಬೆರಳಿನ ಗುಳಿಗಳಲ್ಲಿ ಆಗಲೇ ಬೇರೆ ಮಣ್ಣು ತುಂಬಿ ಕಲ್ಲಾಗಿತ್ತು, ಹಿಮ್ಮಡಿಯ ಗುಳಿ ಮಾತ್ರ ಖಾಲಿ ಉಳಿದು ಮನುಷ್ಯನ ಪಾದದಂತೆ ಕಾಣುತ್ತಿತ್ತು. ಇಷ್ಟೆಲ್ಲ ಅರ್ಥವಾದದ್ದು ಕಾಲೇಜಿನಲ್ಲಿ. ಅವತ್ತು ಅರ್ಥವಾದದ್ದು, ಅದು ಮನುಷ್ಯನದಲ್ಲ ಎಂಬುದಷ್ಟೇ. ನಾನು ಚಪ್ಪಲಿ ಹಾಕಿಕೊಂಡು ಬಂದು ಊಟಕ್ಕೆ ಕೂತೆ.

ನೀವು ಅವತ್ತು ಅಷ್ಟು ಸಂತೋಷವಾಗಿದ್ದಿರಿ. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ.

ಸೆಪ್ಟೆಂಬರ್ ಹದಿನೇಳಕ್ಕೆ ಮೊದಲು ಒಮ್ಮೆ ನೀರು ಹೊಯ್ದು ಅಲ್ಲೇ ಕೂತು ನೋಡಿ. ನೋಡಿದ ಮೇಲೆ ಏನು ಹೇಳುತ್ತೀರೋ ನಿಮ್ಮಿಷ್ಟ.

ರೋ


ಲಾರಮಿ
ಸೆಪ್ಟೆಂಬರ್ 6, 1985

ಮಾವ,

ನನ್ನ ಕಾಗದ ತಲುಪಿತೇ? ನಿಮಗೆ ಹುಷಾರಿದೆಯೇ? ಫೋನ್ ಮಾಡಿದೆ. ಅತ್ತೆ "ಹೊಳೇ ಹತ್ರ ಹೋಗಿದಾರಮ್ಮ, ಏನು ಕೇಳಿದ್ರೂ ಹೇಳಲ್ಲ" ಅಂದರು. ಪ್ರೊಫೆಸರ್ ಜೊತೆ ಬರಲು ನನಗೂ ಸೀಟಿತ್ತು. ಬರುವುದಿಲ್ಲ ಎಂದು ಹೇಳಿಬಿಟ್ಟೆ. ಎರಡು ಸಾಲು ಬರೆಯಿರಿ, ಬೈದಾದರೂ ಸರಿ.

ರೋ


ಡಸ್ಟನ್ ಕ್ರಾಸಿಂಗ್
ಸೆಪ್ಟೆಂಬರ್ 20, 1985

ರೋವೆನಾ,

ಬೈಯುವುದು ಆಮೇಲೆ. ಮೊದಲು ನಡೆದದ್ದು.

ನಿನ್ನ ಕಾಗದ ಬಂದದ್ದು ಆಗಸ್ಟ್ ಇಪ್ಪತ್ತಾರಕ್ಕೆ. ಇಪ್ಪತ್ತೇಳರಿಂದ ಹನ್ನೊಂದು ದಿನ, ದಿನಕ್ಕೊಂದು ಸಲ, ಹೂವಿಗೆ ನೀರು ಹಾಕುವ ಡಬ್ಬಿ ಹಿಡಿದು ಹೋದೆ. ಹೊಯ್ಯುವುದು, ಪಕ್ಕದಲ್ಲಿ ಕೂರುವುದು, ಗಡಿಯಾರ ನೋಡುವುದು. ಮೊದಲ ದಿನ ಹದಿಮೂರನೇ ನಿಮಿಷಕ್ಕೆ ಬಂದವು. ನನ್ನ ಕಣ್ಣಿನ ದೋಷ ಅಂದುಕೊಂಡೆ. ಎರಡನೇ ದಿನ ಬೇರೆ ಕನ್ನಡಕ. ಮೂರನೇ ದಿನ ಓಪಲ್‌ಳನ್ನು ಕರೆದುಕೊಂಡು ಹೋಗಿ, ಏನೂ ಹೇಳದೆ, "ಏನು ಕಾಣ್ತದೆ ನೋಡು" ಅಂದೆ. ಅವಳು ಬಗ್ಗಿ ನೋಡಿ, "ಕೋಳಿ ಕಾಲು. ಕೊಟ್ಟಿಗೆಯಷ್ಟು ದೊಡ್ಡ ಕೋಳೀದು" ಅಂದಳು. ನಾನು ಐದನೇ ದಿನಕ್ಕೆ ತಲುಪಿದ ಜಾಗಕ್ಕೆ ಅವಳು ಒಂದೇ ನಿಮಿಷದಲ್ಲಿ ತಲುಪಿದಳು.

ಒಂಬತ್ತೂ ಹೆಜ್ಜೆಗಳಿಗೆ ಹೊಯ್ದು ನೋಡಿದೆ. ನಾಲ್ಕಕ್ಕೆ ಬೆರಳು ಬಂತು. ಉಳಿದ ಐದು ಹೀಗೂ ಇಲ್ಲ ಹಾಗೂ ಇಲ್ಲ. ಹದಿನೈದನೇ ತಾರೀಕು ಪಾಸ್ಟರ್ ಲ್ಯಾಂಡ್ರಮ್ ಅವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಕಲ್ಲನ್ನು ನೋಡಿದ್ದು ಕಡಿಮೆ, ನನ್ನನ್ನು ನೋಡಿದ್ದು ಹೆಚ್ಚು.

"ಕಲೆ ಇರಬಹುದಲ್ಲ ಹಾರ್ಲನ್. ಪಾಚಿ."

"ಪಾಚಿಗೆ ಉಗುರು ಇರುತ್ತಾ ಪಾಸ್ಟರ್?"

"ಹಾಗಾದರೆ ಮಂಗಳವಾರ ನೀನು ಬರಬೇಡ. ಹುಷಾರಿಲ್ಲ ಅಂತ ಮನೇಲಿರು. ಯಾರೂ ತಪ್ಪು ತಿಳಿಯಲ್ಲ."

"ಜ್ವರ ಬಂದರೆ ಖಂಡಿತ ಇರ್ತೀನಿ" ಅಂದೆ. ಎರಡು ರಾತ್ರಿ ಜ್ವರಕ್ಕಾಗಿ ಪ್ರಾರ್ಥನೆ ಮಾಡಿದೆನೆಂದರೆ ನಗಬೇಡ. ಬರಲಿಲ್ಲ.

ಶಾಲೆಯ ವ್ಯಾಯಾಮದ ಹಾಲು, ಇನ್ನೂರೆಂಟು ಕುರ್ಚಿ, ನಿಂತವರು ಬೇರೆ. ನಿನ್ನ ಪ್ರೊಫೆಸರ್ ಮೊದಲು ಮಾತಾಡಿದ. ಒಳ್ಳೆಯ ಮನುಷ್ಯ, ಗಂಟಲು ಮಾತ್ರ ಹಳೇ ಪಂಪಿನ ಹಾಗೆ. ಅವನಿಗೆ ಏಳನೇ ಹೆಜ್ಜೆಯ ಬಗ್ಗೆ ಏನೂ ಗೊತ್ತಿರಲಿಲ್ಲ. ಚಿತ್ರ ನೋಡಿ, ಯಾರೋ ಉಳಿಯಿಂದ ಕೆತ್ತಿರಬೇಕು ಎಂದುಬಿಟ್ಟ. ನನಗೆ ಮೈ ಉರಿಯಿತು. ಆ ಕ್ಷಣದಲ್ಲಿ, ಎದ್ದು ನಿಂತು ಮನುಷ್ಯನದೇ ಎಂದು ಆಣೆ ಮಾಡಿಬಿಡಲೇ ಅನ್ನಿಸಿತು. ಆಮೇಲೆ ಹೊಳೆಯಿತು, ನೀನು ಅವನಿಗೆ ನಿಜವಾಗಿಯೂ ಏನನ್ನೂ ಹೇಳಿಲ್ಲ. ಜುಲೈ ತಿಂಗಳಿನಿಂದ ನಾನು ಅದನ್ನು ನಂಬಿರಲಿಲ್ಲ.

ನನ್ನ ಸರದಿ ಬಂತು. ಕೈಯಿಟ್ಟೆ. ಮಂಡಳಿಯ ಅಧ್ಯಕ್ಷೆ ಪುಸ್ತಕ ತೆರೆದು ತೋರಿಸಿದಳು. "ಟ್ರೂಯಿಟ್ ಅವರೇ, ಇದು ಮನುಷ್ಯನ ಹೆಜ್ಜೆನಾ?"

"ಚಿತ್ರ ತೆಗೆದದ್ದು ನಾನೇ ಮೇಡಂ. ಚೆನ್ನಾಗಿ ಬಂದಿದೆ."

"ನಾನು ಕೇಳಿದ್ದು ಅದಲ್ಲ."

"ಗೊತ್ತು. ಸ್ವಲ್ಪ ನೀರು ಕುಡೀತೀನಿ."

ಕುಡಿದೆ. ಲೋಟದಲ್ಲಿ ಇನ್ನೂ ಇತ್ತು, ಅದನ್ನೂ ಕುಡಿದೆ.

"ಯಾರೂ ಕೆತ್ತಿದ್ದಲ್ಲ. ಆ ಪ್ರೊಫೆಸರ್ ಸಾಹೇಬರು ಅಲ್ಲಿ ಮೊಣಕಾಲೂರಿಲ್ಲ, ನಾನು ಊರಿದೀನಿ. ಆದರೆ ಮನುಷ್ಯಂದು ಅಂತ ಆಣೆ ಮಾಡಿ ಹೇಳಲಾರೆ. ಅದಕ್ಕೆ ಮೂರು ಬೆರಳಿದೆ. ಹನ್ನೊಂದು ದಿನ ಎಣಿಸಿದೀನಿ, ದಿನಾ ಮೂರೇ ಬಂತು."

ಆ ಕಡೆಯ ವಕೀಲನಿಗೆ ಲಾಟರಿ ಹೊಡೆದಂತಾಯಿತು. ಎದ್ದು ಕೋಟು ಸರಿಮಾಡಿಕೊಂಡ. "ಹಾಗಾದರೆ ಭೂಮಿಗೆ ಆರು ಸಾವಿರ ವರ್ಷ ಅನ್ನೋದೂ ಸುಳ್ಳು ಅಂತ ಒಪ್ತೀರಿ?"

"ಯಾಕೆ ಒಪ್ಪಲಿ? ಅದನ್ನ ನಂಬ್ತೀನಿ. ನೋಡಿಲ್ಲ. ನೀವು ಹನ್ನೊಂದು ಕೋಟಿ ಅಂತೀರಲ್ಲ, ನೀವು ನೋಡಿದ್ರಾ?"

"ವಿಜ್ಞಾನಿಗಳು ಲೆಕ್ಕ ಹಾಕಿದಾರೆ."

"ಸರಿ. ನಿಮ್ಮದೂ ಇನ್ನೊಬ್ಬರಿಂದ ಕೇಳಿದ್ದು, ನಮ್ಮದೂ ಕೇಳಿದ್ದು. ಬೆರಳು ಮಾತ್ರ ನಾನು ನೋಡಿದ್ದು. ಕೇಳಿದ್ದಕ್ಕೆಲ್ಲ ಆಣೆ ಮಾಡೋ ಹಾಗಿದ್ರೆ ನಮ್ಮೂರ ಕ್ಷೌರದಂಗಡಿಯಲ್ಲೇ ಕೋರ್ಟು ಇಡಬಹುದು."

ಆಗ ನಕ್ಕರು, ಎರಡೂ ಕಡೆಯವರು. ನಗು ಮುಗಿದ ಮೇಲೆ ಎರಡೂ ಕಡೆಯವರು ನನ್ನ ಮೇಲೆ ಸಿಟ್ಟಾದರು. ಪುಸ್ತಕ ನಾಲ್ಕಕ್ಕೆ ಮೂರು ಮತದಲ್ಲಿ ಬಿದ್ದುಹೋಯಿತು. ಬುಧವಾರ ಪಾಸ್ಟರ್ ಬಂದು, ಒಂದಷ್ಟು ದಿನ ನೀನು ಸಭೆಯ ಹಿರಿಯರ ಸಾಲಿನಲ್ಲಿ ಕೂರದಿದ್ದರೆ ಒಳ್ಳೆಯದು ಎಂದರು. ಬೇಜಾರಿನಿಂದಲೇ ಹೇಳಿದರು. ಬರ್ಡಿ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡಳು. ತೊಂಬತ್ಮೂರರ ಕುತ್ತಿಗೆಗೆ ಅದು ಸಣ್ಣ ಕೆಲಸವಲ್ಲ.

ಇನ್ನು ಬೈಗುಳ. ಬೆರಳು ನನ್ನನ್ನು ಅಷ್ಟು ನೋಯಿಸಲಿಲ್ಲ. ಕರ್ತನು ಬೇರೆ ಹೆಜ್ಜೆ ತೋರಿಸುತ್ತಾನೆ, ತೋರಿಸದಿದ್ದರೂ ಆತ ಕರ್ತನೇ. ನೋಯಿಸಿದ್ದು ನೀನು. ಹದಿಮೂರು ವರ್ಷ. ಹೊಳೆಯ ದಂಡೆಯಲ್ಲಿ ನಾವು ನಡೆಸುವ ಪ್ರದರ್ಶನದ ಸಂದರ್ಶಕರ ಪುಸ್ತಕ ತೆಗೆದು ಎಣಿಸಿದೆ. ಆ ಆಗಸ್ಟಿನಿಂದ ಈ ಆಗಸ್ಟಿನವರೆಗೆ ಮೂವತ್ತೊಂದು ಸಾವಿರದ ಇನ್ನೂರ ಆರು ಜನ. ಅಷ್ಟೂ ಜನರಿಗೆ ನಾನು ಆ ಹೆಜ್ಜೆ ತೋರಿಸಿ ದೈತ್ಯನ ಕಥೆ ಹೇಳುತ್ತಿದ್ದಾಗ, ಅದು ಸುಳ್ಳೆಂದು ಬಲ್ಲ ಒಬ್ಬಳು ನನ್ನ ಮನೆಯಲ್ಲೇ ತಟ್ಟೆ ತೊಳೆಯುತ್ತಿದ್ದಳು. 'ನಿಮ್ಮ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ' ಎಂದು ಬರೆದಿದ್ದೀಯ. ನಾನೇನು ಮಗುವೇ? ಅಷ್ಟು ಕನಿಕರ ನನ್ನ ಮೇಲೆ ಯಾಕೆ?

ಹಾರ್ಲನ್


ಲಾರಮಿ
ಸೆಪ್ಟೆಂಬರ್ 29, 1985

ಪ್ರೀತಿಯ ಮಾವ,

ಪ್ರೊಫೆಸರ್ ಹಾಲ್ವರ್ಸನ್ ವಾಪಸು ಬಂದು, ಟೆಕ್ಸಾಸಿನ ಒಬ್ಬ ಮುದುಕ ನನ್ನ ಕಿವಿ ಹಿಂಡಿದ ಎಂದು ಇಡೀ ವಿಭಾಗಕ್ಕೆ ಹೇಳಿದರು. ನೋಡದೆ ಕೆತ್ತನೆ ಎಂದದ್ದು ತಪ್ಪು ಎಂದು ಒಪ್ಪಿಕೊಂಡರು. ಆಗ ನಾನು ನಿಮ್ಮ ಸೊಸೆ ಎಂದು ಹೇಳಿದೆ. ಅವರು, ಆರು ತಿಂಗಳು ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲಮ್ಮ ಎಂದರು. ನೀವಿಬ್ಬರೂ ಹೇಳಿದ್ದು ಒಂದೇ ಮಾತು.

ಕನಿಕರ ಎಂದಿರಿ. ಅದು ಕನಿಕರವಾಗಿರಲಿಲ್ಲ. ಕಳೆದ ಕಾಗದದಲ್ಲಿ ನಾನು ಬರೆದ ಕಾರಣ ಅರ್ಧ ನಿಜ. ಉಳಿದರ್ಧ ಇದು.

ಅಮ್ಮ ಸತ್ತು ಐದು ವರ್ಷವಾಗಿತ್ತು. ನೀವು ಒಂದು ದಿನವೂ ಇದು ನಿನ್ನ ಮನೆಯಲ್ಲ ಎಂದವರಲ್ಲ. ಆದರೆ ಇದು ನಿನ್ನ ಮನೆ ಎಂದೂ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯ ನಿಮಗೆ ತೋಚಿರಲಿಕ್ಕಿಲ್ಲ. ಹದಿನಾಲ್ಕು ವರ್ಷದ ನಾನು ಆ ಕಲ್ಲಿನ ಮುಂದೆ ನಿಂತು ಯೋಚಿಸಿದ್ದು ಡೈನೊಸಾರಿನ ಬಗ್ಗೆ ಅಲ್ಲ. ಇದನ್ನು ಹೇಳಿದರೆ ರಾತ್ರಿ ಎಲ್ಲಿ ಮಲಗುವುದು ಎಂದು ಯೋಚಿಸಿದೆ. ಇನ್ನೊಬ್ಬರ ಮನೆಯಲ್ಲಿ ಬೆಳೆಯುವ ಮಗು ನಿಜ ಹೇಳುವ ಮೊದಲು ತಟ್ಟೆಯ ಕಡೆ ನೋಡುತ್ತದೆ.

ಆಮೇಲೆ ಹೆದರಿಕೆ ಹೋಯಿತು, ಅಭ್ಯಾಸ ಉಳಿಯಿತು. ಊರು ಬಿಟ್ಟು ಎಂಟುನೂರು ಮೈಲಿ ಬಂದ ಮೇಲೂ ಫೋನಿನಲ್ಲಿ ನಾನು ಬರೀ 'ಹೂಂ' ಅನ್ನುವುದಕ್ಕೆ ಅದೇ ಕಾರಣ.

ನೀವು ಕೋಪ ಮಾಡಿಕೊಳ್ಳುವುದು ನ್ಯಾಯ. ಕ್ಷಮಿಸಿ ಎಂದು ಕೇಳಬೇಕೋ ಬೇಡವೋ ನನಗೆ ಗೊತ್ತಾಗುತ್ತಿಲ್ಲ.

ರೋ


ಡಸ್ಟನ್ ಕ್ರಾಸಿಂಗ್
ಅಕ್ಟೋಬರ್ 27, 1985

ಪ್ರೀತಿಯ ರೋ,

ನಿನ್ನ ಕಾಗದವನ್ನು ನಿನ್ನ ಅತ್ತೆಗೆ ಓದಿ ಹೇಳುತ್ತಾ ಮೂರನೇ ಪ್ಯಾರಾಕ್ಕೆ ನಿಲ್ಲಿಸಿದೆ. ಉಳಿದದ್ದನ್ನು ಅವಳೇ ಓದಿಕೊಂಡಳು. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ, ನನ್ನ ಮಟ್ಟಿಗೆ ಅದು ದಾಖಲೆ.

ಒಂದು ತಿಂಗಳು ಯೋಚಿಸಿದೆ. ಅವತ್ತು ನೀನು ಹೇಳಿದ್ದರೆ ನಾನೇನು ಮಾಡುತ್ತಿದ್ದೆ? ನಂಬುತ್ತಿರಲಿಲ್ಲ, ಅದು ಖಂಡಿತ. ನಲವತ್ತು ಜನರೆದುರು ನಕ್ಕು ತಳ್ಳಿಹಾಕುತ್ತಿದ್ದೆ, ಮನೆಗೆ ಬಂದು ಬೈಯುತ್ತಿದ್ದೆ. ಮನೆಯಿಂದ ಕಳಿಸುತ್ತಿದ್ದೆನೇ? ಇಲ್ಲ. ಆದರೆ ಅದು ನಿನಗೆ ಗೊತ್ತಿರುವ ಹಾಗೆ ನಾನು ನಡೆದುಕೊಂಡಿರಲಿಲ್ಲ. ನಾನು ಬಾಯಿ ಮುಚ್ಚದ ಮನುಷ್ಯ. ಹತ್ತೊಂಬತ್ತು ವರ್ಷ ಅಪರಿಚಿತರ ಬಾಗಿಲಲ್ಲಿ ನಿಂತು ಮಾತಾಡಿದವನಿಗೆ, ಮನೆಯೊಳಗಿದ್ದ ಮಗುವಿಗೆ ಹೇಳಬೇಕಾಗಿದ್ದ ಒಂದೇ ಒಂದು ಮಾತು ಬಾಯಿಗೆ ಬರಲಿಲ್ಲ. ಇದು ನಿನ್ನ ಮನೆ. ಈಗ ಹೇಳಿದ್ದೇನೆ. ಹದಿನೆಂಟು ವರ್ಷ ತಡ.

ಇನ್ನು ಹೊಸ ಸುದ್ದಿ. ಏಳನೇ ಹೆಜ್ಜೆಯ ಬೋರ್ಡು ತೆಗೆದೆ. ಹೋದ ವಾರ ಹೊಳೆಗೆ ದೊಡ್ಡ ನೀರು ಬಂತು. ನಮ್ಮ ಪ್ರದರ್ಶನದ ಹಿಂದಿನ ದಂಡೆ ಹತ್ತು ಅಡಿ ಕುಸಿಯಿತು. ಗುರುವಾರ ನೋಡಲು ಹೋದರೆ, ಜೇಡಿಯ ಗೋಡೆಯಲ್ಲಿ ಸಾಲಾಗಿ ಏನೋ ಹೊರಗೆ ಚಾಚಿವೆ. ಬಾಗಿದವು, ಕಪ್ಪು, ನನ್ನ ಮುಂಗೈಯಷ್ಟು ದಪ್ಪ. ಹನ್ನೆರಡು ಎಣಿಸಿದೆ. ಪಕ್ಕೆಲುಬು ಎಂದು ಓಪಲ್ ಅನ್ನುತ್ತಾಳೆ, ಬೇರು ಎಂದು ಪಾಸ್ಟರ್. ಹೌದು, ಪಾಸ್ಟರನ್ನೂ ಕರೆದು ತೋರಿಸಿದೆ. ಈ ಸಲ ಅವರು ನನ್ನ ಮುಖ ನೋಡಲಿಲ್ಲ, ಜೇಡಿಯನ್ನೇ ನೋಡಿದರು. ಮಳೆ ತಾಗದಂತೆ ಹೊದಿಸಲು ತಂದ ಟಾರ್ಪಾಲಿನ ಒಂದು ತುದಿ ಅವರೇ ಹಿಡಿದರು.

ನಾನು ಮುಟ್ಟಿಲ್ಲ. ಮುಟ್ಟುವ ಆಸೆಗೆ ಕೈ ತುರಿಸುತ್ತಿದೆ, ಆದರೂ ಮುಟ್ಟಿಲ್ಲ. ಅದು ಏನು? ಎಷ್ಟು ದೊಡ್ಡದು? ಎಲ್ಲಿಗೆ ಹೊರಟಿತ್ತು, ಯಾಕೆ ಬಿತ್ತು? ನಾನು ಪ್ರಳಯ ಎನ್ನುತ್ತೇನೆ, ನೀನು ಕೋಟಿಗಳಲ್ಲಿ ಎಣಿಸುತ್ತೀಯ. ಮೊದಲು ಅಗೆಯೋಣ, ಜಗಳ ಆಮೇಲೆ. ನಿನ್ನ ಪ್ರೊಫೆಸರನನ್ನೂ ಕರೆದು ತಾ, ಮೊಣಕಾಲೂರುವುದು ಹೇಗೆಂದು ತೋರಿಸುತ್ತೇನೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಬಂದರೆ ನಿನ್ನ ಅತ್ತೆ ಪೆಕನ್ ಪೈ ಮಾಡುತ್ತಾಳೆ.

ಒಂದೇ ಷರತ್ತು. ಏನೇ ಕಂಡರೂ, ನಾನು ಎಷ್ಟೇ ಸಂತೋಷದಲ್ಲಿದ್ದರೂ, ಎಷ್ಟು ಜನ ನಿಂತಿದ್ದರೂ, ಕಂಡ ಗಳಿಗೆಯಲ್ಲೇ ಹೇಳಬೇಕು. ನಾನು ಕೂಗಾಡಬಹುದು. ಕೂಗಾಡಲಿ ಬಿಡು. ಊಟ ಹೇಗೂ ಇರುತ್ತದೆ.

ನಿನ್ನ ಮಾವ,
ಹಾರ್ಲನ್